ಹೆಸರು ಗೊತ್ತಿಲ್ಲದ ಆಂಟಿಗೆ, ಹೆಸರು ಹಾಕಬೇಡ ಎಂದ ಇಚ್ಚನಿಗೆ

ಕಳೆದ ತಿಂಗಳು ಸಿಂಗಾಪುರದ ಮನೆ ಖಾಲಿ ಮಾಡಿ ಕಾಸರಗೋಡಿನ ಬದಿಯಡ್ಕಕ್ಕೆ ಬಂದೆ. 2013ರಲ್ಲಿ ಹೋದವನು, ಹನ್ನೊಂದು ವರ್ಷ ಅಲ್ಲೇ ಇದ್ದೆ. ಯಾರಿಗೆಲ್ಲ ಧನ್ಯವಾದ ಹೇಳಬೇಕು ಎಂದು ಪಟ್ಟಿ ಮಾಡಲು ಕೂತರೆ ಅರ್ಧ ಜನರ ಹೆಸರೇ ನನಗೆ ಗೊತ್ತಿಲ್ಲ. ಅಲ್ಲಿ ಸ್ವಲ್ಪ ವಯಸ್ಸಾದ ಗಂಡಸರೆಲ್ಲ ಅಂಕಲ್, ಹೆಂಗಸರೆಲ್ಲ ಆಂಟಿ. ಟ್ಯಾಕ್ಸಿ ಓಡಿಸುವವರು ಅಂಕಲ್, ಮೀನು ಮಾರುವವರು ಆಂಟಿ. ಹೆಸರು ಕೇಳುವ ಪದ್ಧತಿಯೇ ಇಲ್ಲ. ಇನ್ನು ಊರಿನವರ ಹೆಸರು ಗೊತ್ತುಂಟು. ಆದರೆ ಕೇಳಿದರೆ, "ನನ್ನ ಹೆಸರೆಲ್ಲ ಹಾಕಬೇಡ ಮಾರಾಯ" ಎಂದರು. ಹಾಗಾಗಿ ಹೆಸರೇ ಇಲ್ಲದ ಧನ್ಯವಾದ ಇದು.

ಮೊದಲು ಕಾಪಿ ಅಂಕಲ್‌ಗೆ. ನಾನಿದ್ದದ್ದು ಎಚ್‌ಡಿಬಿ ಫ್ಲಾಟಿನಲ್ಲಿ, ಅಂದರೆ ಸರ್ಕಾರದ ಹೌಸಿಂಗ್ ಬೋರ್ಡ್ ಕಟ್ಟಿದ ಕಟ್ಟಡದಲ್ಲಿ. ಆ ದೇಶದವರಲ್ಲಿ ಹೆಚ್ಚಿನವರು ಇರುವುದು ಅಂಥ ಮನೆಗಳಲ್ಲೇ. ಕೆಳಗೆ ಒಂದು ಕಾಪಿ ಅಂಗಡಿ. ಅವರು ಅದನ್ನು ಕೋಪಿತಿಯಂ ಎನ್ನುತ್ತಾರೆ. ಮೊದಲ ದಿನ ಹೋಗಿ ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ, ದಯವಿಟ್ಟು ಒಂದು ಕಾಫಿ, ಹಾಲು ಹಾಕಿ, ಸಕ್ಕರೆ ಕಡಿಮೆ ಎಂದೆ. ಅಂಕಲ್ ನನ್ನ ಮುಖ ನೋಡಿದರು. ಹಿಂದೆ ಹತ್ತು ಜನ ಕಾಯುತ್ತಿದ್ದರು. "ಕೋಪಿ ಸೀ ಸ್ಯೂ ದಾಯ್!" ಎಂದು ಒಳಗೆ ಕೂಗಿದರು. ನನ್ನ ಅಷ್ಟುದ್ದದ ವಾಕ್ಯ ನಾಲ್ಕೇ ಮಾತಿನಲ್ಲಿ ಮುಗಿಯಿತು.

ಆಮೇಲೆ ಒಂದೊಂದಾಗಿ ಅವರೇ ಕಲಿಸಿದರು. ಬರೀ ಕೋಪಿ ಎಂದರೆ ಡಬ್ಬಿಯ ಗಟ್ಟಿ ಸಿಹಿ ಹಾಲು ಹಾಕಿದ್ದು. ಕೋಪಿ ಓ ಎಂದರೆ ಹಾಲಿಲ್ಲ, ಸಕ್ಕರೆ ಉಂಟು. ಅದರ ಹಿಂದೆ ಕೋಸೋಂಗ್ ಸೇರಿದರೆ ಸಕ್ಕರೆಯೂ ಇಲ್ಲ. ಮಲಯ ಭಾಷೆಯಲ್ಲಿ ಕೋಸೋಂಗ್ ಎಂದರೆ ಸೊನ್ನೆ, ಖಾಲಿ. ಪೆಂಗ್ ಎಂದರೆ ಐಸ್. ಒಂದು ಕಪ್ ಕಾಪಿ ಹೇಳುವುದರೊಳಗೆ ಮಲಯ, ಹೊಕ್ಕಿಯೆನ್, ಕ್ಯಾಂಟನೀಸ್ ಎಲ್ಲ ಬಂದು ಹೋಗುತ್ತವೆ. ಇದರಲ್ಲಿ ಎಂತ ವಿಶೇಷ? ನಮ್ಮ ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ ತುಳುವಿನಲ್ಲಿ ಶುರು ಮಾಡಿ, ಕಂಡಕ್ಟರ್ ಹತ್ತಿರ ಮಲಯಾಳದಲ್ಲಿ ಚಿಲ್ಲರೆ ಕೇಳಿ, ಪಕ್ಕದವರಿಗೆ ಕನ್ನಡದಲ್ಲಿ ಬೈದು ಮುಗಿಸುವವರು ನಾವು. ರೈಲಿನಲ್ಲಿ ನಾಲ್ಕು ಭಾಷೆಯಲ್ಲಿ ಘೋಷಣೆ ಕೇಳಿ ಆಫೀಸಿನ ದೆಹಲಿಯವನು ತಲೆ ಹಿಡಿದುಕೊಂಡ. ನನಗೆ ಸಪ್ತಭಾಷೆಯ ಊರಿನವನಿಗೆ ಇನ್ನೂ ಮೂರು ಕಮ್ಮಿ ಆಯಿತಲ್ಲ ಅನಿಸಿತು.

ಎರಡನೆಯದು, ಆಫೀಸಿನ ಮಲಯ ಮಾಕ್‌ಚಿಕ್‌ಗೆ. ಮಾಕ್‌ಚಿಕ್ ಎಂದರೂ ಆಂಟಿಯೇ. ಚಹಾ ಕೋಣೆಯ ಫ್ರಿಜ್ಜಿನಲ್ಲಿ ಹಾಲಿನ ಪ್ಯಾಕೆಟ್ ಮೇಲೆ "ಸುಸು" ಎಂದು ಬರೆದದ್ದು ನೋಡಿ ನಾನು ನಕ್ಕದ್ದೇ ನಕ್ಕದ್ದು. ಮಲಯದಲ್ಲಿ ಹಾಲಿಗೆ ಸುಸು ಎನ್ನುತ್ತಾರೆ. ನಮ್ಮಲ್ಲಿ ಮಕ್ಕಳು ಅದನ್ನು ಯಾವುದಕ್ಕೆ ಹೇಳುತ್ತಾರೆ ಎಂದು ಕೈಸನ್ನೆಯಲ್ಲಿ ವಿವರಿಸಿದೆ. ಮಾಕ್‌ಚಿಕ್ ಎರಡು ದಿನ ನಕ್ಕರು, ಮತ್ತೆ ಒಂದು ವಾರ ಚಹಾಕ್ಕೆ ಹಾಲೇ ಹಾಕಲಿಲ್ಲ. ಅವರಿಂದಲೇ ಗೊತ್ತಾದದ್ದು, ಅಲ್ಲಿ ಗಂಡನಿಗೆ ಸುವಾಮಿ ಎನ್ನುತ್ತಾರೆ ಎಂದು. ನಮ್ಮ ಸ್ವಾಮಿಯೇ ಅದು. ಭಾಷೆಗೆ ಬಹಾಸ, ಮುಖಕ್ಕೆ ಮುಕ, ಹೆಸರಿಗೆ ನಾಮ. ಊರಿನ ಹೆಸರೇ ಸಿಂಗಪುರ, ಸಿಂಹದ ಪುರ. "ನಿಮ್ಮ ಸುವಾಮಿ ಹೇಗಿದ್ದಾರೆ?" ಎಂದು ಕೇಳಿದರೆ, "ದೇವರಂಥವರು, ಯಾವ ಕೆಲಸವನ್ನೂ ಮಾಡುವುದಿಲ್ಲ" ಎನ್ನುತ್ತಿದ್ದರು.

ಜೂನ್ ಜುಲೈಯಲ್ಲಿ ಅವರು ಚೆಂಪೆಡಾಕ್ ಹಣ್ಣನ್ನು ಹಿಟ್ಟಿನಲ್ಲಿ ಅದ್ದಿ ಕರಿದು ತರುತ್ತಿದ್ದರು. ಚೆಂಪೆಡಾಕ್ ನಮ್ಮ ಹಲಸಿನ ಸ್ವಂತ ತಮ್ಮ. ತೊಳೆ ತುಳುವೆ ಹಲಸಿನಂತೆ ಮೆತ್ತಗೆ. ಬಾಯಿಗೆ ಹಾಕಿದರೆ ಅಜ್ಜಿಯ ಹಲಸಿನ ಮುಳ್ಕದ ನೆನಪು. ದುರಿಯನ್ ಮಾತ್ರ ನೋಡಲು ಹಲಸಿನ ನೆಂಟ, ಅಷ್ಟೇ. ನಿಜವಾಗಿ ಅದು ದಾಸವಾಳದ ಕುಟುಂಬ ಅಂತೆ. ಆ ವಾಸನೆಗೆ ರೈಲಿನಲ್ಲಿ ತರಬಾರದು ಎಂದು ಬೋರ್ಡೇ ಹಾಕಿದ್ದಾರೆ. ಹನ್ನೊಂದು ವರ್ಷದಲ್ಲಿ ಮೂರು ಸಲ ತಿಂದೆ. ಮೂರು ಸಲವೂ ಬೇರೆಯವರ ಒತ್ತಾಯಕ್ಕೆ. ಬಕ್ಕೆ ಹಲಸು ತಿಂದು ಬೆಳೆದವನಿಗೆ ಅದು ಬೇಕಾ?

ಟಿಶ್ಯೂ ಪ್ಯಾಕೆಟ್ಟಿನ ವಿಷಯ ಹೇಳದಿದ್ದರೆ ನನಗೆ ನಿದ್ದೆ ಬಾರದು. ಅಲ್ಲಿ ಬೀದಿ ಬದಿಯಲ್ಲಿ ಮಾರುವವರನ್ನೆಲ್ಲ ಒಂದೇ ಮಾಡಿನಡಿ ಕೂರಿಸಿದ್ದಾರೆ, ಹಾಕರ್ ಸೆಂಟರ್ ಎಂದು ಹೆಸರು. ಆ ಪದ್ಧತಿಯನ್ನು 2020ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೂ ಸೇರಿಸಿತು. ಮಧ್ಯಾಹ್ನ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆದರೂ ಎಷ್ಟೋ ಮೇಜು ಖಾಲಿ, ಮೇಲೊಂದು ಟಿಶ್ಯೂ ಪ್ಯಾಕೆಟ್. ಯಾರೂ ಕೂರುವುದಿಲ್ಲ. ಇಟ್ಟವರು ಊಟಕ್ಕೆ ಸಾಲು ನಿಂತಿದ್ದಾರೆ ಎಂದು ಅರ್ಥ. ಇದಕ್ಕೆ ಚೋಪ್ ಮಾಡುವುದು ಎನ್ನುತ್ತಾರೆ. ಹೊರದೇಶದವರು ಬಾಯಿ ಬಿಟ್ಟು ನೋಡುತ್ತಿದ್ದರು. ನಾನು ಸುಮ್ನೆ ನಕ್ಕೆ. ಬಸ್ಸಿನ ಕಿಟಕಿಯಿಂದ ಕರ್ಚೀಫು ಬಿಸಾಡಿ ಸೀಟು ಹಿಡಿದು ಕಾಲೇಜು ಮುಗಿಸಿದವನು ನಾನು. ವ್ಯತ್ಯಾಸ ಏನೆಂದರೆ, ಅಲ್ಲಿ ಟಿಶ್ಯೂವಿಗೆ ಮರ್ಯಾದೆ ಉಂಟು. ಇಲ್ಲಿ ಕರ್ಚೀಫಿನ ಮೇಲೆಯೇ ಕೂತುಬಿಡುತ್ತಾರೆ.

ಇಷ್ಟೆಲ್ಲ ನಗುವ ವಿಷಯ. ಈಗ 2020ರ ಏಪ್ರಿಲ್.

ಅಮ್ಮ ಬದಿಯಡ್ಕದ ಮನೆಯಲ್ಲಿ ಒಬ್ಬರೇ ಇದ್ದರು. ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು. ಆಗ ಕೊರೊನಾ ಎಂದು ಮಂಗಳೂರಿನ ದಾರಿ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ಬಂದ್. ಒಳದಾರಿಗಳಿಗೂ ಮಣ್ಣು ಸುರಿದಿದ್ದರು. ಅಕ್ಕ ಇರುವುದು ಪುತ್ತೂರಿನಲ್ಲಿ. ಬೇರೆ ದಿನವಾದರೆ ಎರಡು ಗಂಟೆಯೊಳಗೆ ಬಂದುಬಿಡುತ್ತಿದ್ದಳು. ನಾನು ಸಿಂಗಾಪುರದಲ್ಲಿ, ಅಲ್ಲಿ ಏಪ್ರಿಲ್ 7ರಿಂದ ತೀರಾ ಅಗತ್ಯವಿಲ್ಲದೆ ಮನೆಯಿಂದ ಹೊರಡುವಂತಿಲ್ಲ, ವಿಮಾನವೂ ಇಲ್ಲ. ಅಮ್ಮನಿಂದ ನಾವಿಬ್ಬರೂ ಅವತ್ತು ಒಂದೇ ದೂರದಲ್ಲಿದ್ದೆವು.

ಇಚ್ಚ ಎಂದರೂ ಚೇಟ ಎಂದರೂ ನಮ್ಮ ಕಡೆ ಅಣ್ಣನೇ. ಎದುರು ಮನೆಯ ಇಚ್ಚ ಬೇಲಿ ಹಾರಿ ಬಂದು ಬಾಗಿಲು ಒಡೆದರು. ಪೇಟೆಯ ಆಟೋದಣ್ಣ ಪಾಸ್ ಮಾಡಿಸಿಕೊಂಡು ಬಂದರು. ಔಷಧಿ ಅಂಗಡಿಯ ಚೇಟ, ಯಾವ ಆಸ್ಪತ್ರೆಯಲ್ಲಿ ಆಪರೇಷನ್ ಮಾಡುತ್ತಾರೆ ಎಂದು ಹತ್ತು ಕಡೆ ಫೋನ್ ಮಾಡಿದರು. ಕೊನೆಗೆ ಕಾಞಂಗಾಡಿನ ಕಡೆ ಕರೆದುಕೊಂಡು ಹೋದರು. ಹಿಂದಿನ ಮನೆಯ ಅಕ್ಕ ತನ್ನ ಸಣ್ಣ ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ಹನ್ನೆರಡು ದಿನ ಆಸ್ಪತ್ರೆಯಲ್ಲಿ ಅಮ್ಮನ ಜೊತೆ ನಿಂತರು. ನಾನು ಹಣ ಕಳಿಸಿದೆ. ಅದು ಬಿಟ್ಟು ಬೇರೆ ಏನೂ ನನ್ನಿಂದ ಆಗಲಿಲ್ಲ.

ಆ ದಿನಗಳಲ್ಲಿ ರಾತ್ರಿಯೆಲ್ಲ ಫೋನ್ ಹಿಡಿದು ಕೂತಿರುತ್ತಿದ್ದೆ. ನನ್ನದೇ ಮಹಡಿಯ ಕೊನೆಯ ಮನೆಯಲ್ಲಿ ಒಬ್ಬರು ಚೀನೀ ಆಂಟಿ. ಇಂಗ್ಲಿಷ್ ಹತ್ತು ಪದ ಬರುತ್ತಿತ್ತೇನೋ. ಅದರಲ್ಲಿ ದೊಡ್ಡದು "ಕ್ಯಾನ್". ಆಗುತ್ತದಾ ಎಂದರೂ ಕ್ಯಾನ್, ಆಗುತ್ತದೆ ಎಂದರೂ ಕ್ಯಾನ್, ಸರಿ ಮಾರಾಯ ಎನ್ನಲು ಕ್ಯಾನ್ ಲಾ. ನಮ್ಮ ತುಳುವಿನ "ಆವು" ಇದ್ದ ಹಾಗೆ. ಅಷ್ಟು ವರ್ಷ ಲಿಫ್ಟಿನಲ್ಲಿ ತಲೆ ಅಲ್ಲಾಡಿಸಿದ್ದು ಬಿಟ್ಟರೆ ನಮ್ಮೊಳಗೆ ಮಾತುಕತೆಯೇ ಇರಲಿಲ್ಲ. ರಾತ್ರಿ ಎರಡಕ್ಕೂ ನನ್ನ ಮನೆಯ ದೀಪ ಉರಿಯುವುದನ್ನು ಅವರು ನೋಡಿರಬೇಕು.

ಒಂದು ಬೆಳಿಗ್ಗೆ ಬೆಲ್ ಆಯಿತು. ಕಬ್ಬಿಣದ ಗೇಟಿಗೆ ಒಂದು ಪ್ಲಾಸ್ಟಿಕ್ ಚೀಲ ನೇತುಹಾಕಿತ್ತು. ಆಂಟಿ ದೂರ ಲಿಫ್ಟಿನ ಹತ್ತಿರ ಮಾಸ್ಕ್ ಹಾಕಿ ನಿಂತಿದ್ದರು. ಒಬ್ಬರ ಮನೆಗೆ ಒಬ್ಬರು ಹೋಗಬಾರದು ಎಂದು ನಿಯಮ ಇತ್ತಲ್ಲ. "ಈಟ್," ಎಂದರು. "ನೋ ಮೀಟ್." ನಾನು ಸಸ್ಯಾಹಾರಿ ಎಂದು ಇವರಿಗೆ ಯಾವಾಗ ಗೊತ್ತಾಯಿತು, ದೇವರೇ ಬಲ್ಲ. ಡಬ್ಬಿ ತೆರೆದರೆ ಗಂಜಿ. ಬಿಸಿ ಬಿಸಿ ಗಂಜಿ, ಬದಿಗೆ ಉಪ್ಪು ಹಾಕಿ ಇಟ್ಟ ಸಾಸಿವೆ ಸೊಪ್ಪು. ನಮ್ಮ ಗಂಜಿಗೆ ತಮಿಳಿನಲ್ಲಿ ಕಂಜಿ, ಅದೇ ಇಂಗ್ಲಿಷಿಗೆ ಹೋಗಿ ಕಾಂಜಿ ಆದದ್ದು ಎಂದು ಎಲ್ಲೋ ಓದಿದ್ದೆ. ಅದು ನನ್ನ ಬಾಗಿಲಿಗೆ ಹೀಗೆ ಬರುತ್ತದೆ ಎಂದು ಅಂದುಕೊಂಡಿರಲಿಲ್ಲ. ನಿಂತಲ್ಲೇ ಉಂಡೆ. ಅಳುವೂ ಬಂತು, ಹೇಳಿಬಿಡುತ್ತೇನೆ.

ಅವತ್ತು ವಿಡಿಯೋ ಕಾಲ್‌ನಲ್ಲಿ ಅಮ್ಮ ಆಸ್ಪತ್ರೆಯ ಮಂಚದಲ್ಲಿ ಗಂಜಿ ಉಣ್ಣುತ್ತಿದ್ದರು. ನಾನೂ ಡಬ್ಬಿ ತೋರಿಸಿದೆ. "ಉಪ್ಪಿನಕಾಯಿ ಉಂಟಾ?" ಎಂದರು. ಆಪರೇಷನ್ ಆಗಿ ನಾಲ್ಕೇ ದಿನ ಆಗಿತ್ತು. ಅಮ್ಮ ಗುಣವಾಗುತ್ತಾರೆ ಎಂದು ನನಗೆ ಆಗಲೇ ಧೈರ್ಯ ಬಂತು.

ಚೀಲ ಹದಿನೆಂಟು ದಿನ ಬಂತು.

ಅಮ್ಮ ಈಗ ಕೋಲು ಹಿಡಿದು ತೋಟದವರೆಗೆ ಹೋಗುತ್ತಾರೆ. ಇಚ್ಚ, ಆಟೋದಣ್ಣ, ಚೇಟ, ಹಿಂದಿನ ಮನೆಯ ಅಕ್ಕ, ನಿಮಗೆಲ್ಲ ಎದುರಿಗೆ ಹೇಳಲು ಬಂದರೆ ನೀವು ಮಾತು ತಿರುಗಿಸಿ ಅಡಕೆಯ ರೇಟು ಕೇಳುತ್ತೀರಿ. ಅದಕ್ಕೇ ಇಲ್ಲಿ ಬರೆದೆ. ಬೈಯಬೇಡಿ.

ಹೊರಡುವ ಹಿಂದಿನ ದಿನ ಆಂಟಿಯ ಬಾಗಿಲು ತಟ್ಟಿದೆ. ಇಷ್ಟು ವರ್ಷದ ನಂತರವಾದರೂ ಹೆಸರು ಕೇಳೋಣ ಎಂದು. ಕೇಳಿದೆ. ಅವರು ನಕ್ಕು, "ಆಂಟಿ ಲಾ" ಎಂದರು.

ಈ ವಾರ ನೀರ್ಚಾಲಿನ ಒಬ್ಬ ಸ್ನೇಹಿತ ಸಿಂಗಾಪುರಕ್ಕೆ ಹೋಗುತ್ತಿದ್ದಾನೆ. ಅಮ್ಮ ಮಿಡಿ ಉಪ್ಪಿನಕಾಯಿಯ ಬಾಟಲಿ ಕಟ್ಟಿಟ್ಟಿದ್ದಾರೆ. ಒಂಬತ್ತನೇ ಮಹಡಿ, ಬಾಗಿಲಲ್ಲಿ ಸಣ್ಣ ಕಿತ್ತಳೆ ಗಿಡ ಇರುವ ಮನೆ ಎಂದು ಅವನಿಗೆ ಹೇಳಿದ್ದೇನೆ. ಬಾಟಲಿಯ ಮೇಲಿನ ಚೀಟಿ ಅಮ್ಮನೇ ಬರೆದದ್ದು, ಕನ್ನಡದಲ್ಲಿ: "ಗಂಜಿ ಕೊಟ್ಟವರಿಗೆ. ಖಾರ ಜಾಸ್ತಿ ಉಂಟು, ಸ್ವಲ್ಪ ಸ್ವಲ್ಪ ತಿನ್ನಿ."