ಹೊದಿಕೆ ಸರಿ ಮಾಡಿದ ಕೈ

ಪ್ರೀತಿಯ ಗೆಳೆಯಾ,

ನಿನ್ನ ಕಾದಂಬರಿಯ ಹಸ್ತಪ್ರತಿ ಓದಿ ಖುಷಿಯಾಯಿತು. ಜೊತೆಗಿಟ್ಟ ಪತ್ರ ಓದಿ ಸಿಟ್ಟು ಬಂತು.

ನಿನ್ನ ಸೇನಾಪತಿ ನಡುರಾತ್ರಿ ಎಳೆಯ ರಾಜನ ಕೋಣೆಗೆ ಹೋಗಿ ಮಂತ್ರದ ಕಿರೀಟಕ್ಕೆ ಕೈ ಚಾಚುತ್ತಾನೆ. ಓದಿದವರೆಲ್ಲ 'ಇವನು ವಿಲನ್ ಕಣೋ' ಅಂದರಂತೆ. ಈಗ ಆ ಅಧ್ಯಾಯ ಕಿತ್ತುಹಾಕಲಾ, ಇಲ್ಲ ಮಾಟಗಾತಿ ಅವನ ತಲೆ ಕೆಡಿಸಿದ್ದಳು ಅಂತ ಒಂದು ಪುಟ ಸೇರಿಸಲಾ ಅಂತ ಕೇಳ್ತೀಯ. ಎರಡೂ ಬೇಡ. ಕಾಗುಣಿತ, ಅಧ್ಯಾಯದ ಉದ್ದ, ಅವೆಲ್ಲ ಆಮೇಲೆ ನೋಡಿಕೊಂಡರಾಯಿತು.

ಮಾಟಗಾತಿಯ ಉಪಾಯ ನಾನೂ ಮಾಡಿದ್ದೇನೆ. ನನ್ನ ಎರಡನೇ ಕಾದಂಬರಿಯಲ್ಲಿ ಗೆಳೆಯನಿಗೆ ಕೈಕೊಡುವವನೊಬ್ಬನಿದ್ದ. 'ಓದುಗರಿಗೆ ಇವನು ಹಿಡಿಸಲ್ಲ' ಅಂತ ಒಬ್ಬ ಸಂಪಾದಕರು ಅಂದರು. ತಕ್ಷಣ ಒಂದು ಶಾಪದ ಕತೆ ಹೊಸೆದು ಅವನನ್ನು ತೊಳೆದುಬಿಟ್ಟೆ. ಜನ ಹೊಗಳಿದರು. ಈಗ ಅವನ ಹೆಸರು ನನಗೇ ಪುಸ್ತಕ ತೆಗೆದು ನೋಡಿದರಷ್ಟೇ ಗೊತ್ತಾಗೋದು.

ಟೋಲ್ಕಿನ್ನನ 'ಲಾರ್ಡ್ ಆಫ್ ದ ರಿಂಗ್ಸ್' ಕಾದಂಬರಿಯ ಯೋಧ ಬೊರೊಮಿರ್‌ನನ್ನು ನೋಡು. ಊರು ಉಳಿಸೋಕೆ ಅಂತಲೇ ಅವನಿಗೆ ಆ ಮಂತ್ರದ ಉಂಗುರ ಬೇಕು, ಹೊತ್ತವರ ಮನಸ್ಸನ್ನೇ ಕೆಡಿಸೋ ಉಂಗುರ. ಅವನ ಒಳ್ಳೆಯತನ ಇರೋ ಜಾಗದಲ್ಲೇ ಆಸೆಯೂ ಇದೆ. ಅದನ್ನು ನಾಶಮಾಡೋಕೆ ಹೊತ್ತು ಹೊರಟ ಫ್ರೋಡೊನಿಂದ ಕಿತ್ತುಕೊಳ್ಳೋಕೆ ಹೋಗ್ತಾನೆ. ಆಮೇಲೆ ವಾಪಸ್ ಬಂದು ಜೊತೆಗಾರರಿಗೆ ಅರ್ಧ ಮಾತ್ರ ಹೇಳಿ ತಲೆ ತಗ್ಗಿಸಿ ಕೂರ್ತಾನೆ. ಮೊದಲ ಸಂಪುಟದಲ್ಲಿ ಅವನ ಕತೆ ಹೆಚ್ಚುಕಮ್ಮಿ ಇಲ್ಲಿಗೇ ನಿಲ್ಲುತ್ತೆ. ಆ ಸಂಪುಟ ಇಂಗ್ಲೆಂಡಿನಲ್ಲಿ ಬಂದಿದ್ದು 1954ರ ಜುಲೈನಲ್ಲಿ, ಎರಡನೆಯದು ನವೆಂಬರ್‌ನಲ್ಲಿ. ಅಲ್ಲಿವರೆಗೆ ಓದುಗರ ಕೈಲಿದ್ದದ್ದು ಆ ತಪ್ಪು, ಆ ಅರ್ಧ ಮಾತು ಅಷ್ಟೇ. ಎರಡನೆಯದರ ಮೊದಲ ಅಧ್ಯಾಯದಲ್ಲೇ ಇಬ್ಬರು ಎಳೆಯರನ್ನು ಉಳಿಸೋಕೆ ಹೋರಾಡಿ, ಮೈತುಂಬ ಬಾಣ ನೆಟ್ಟು ಬಿದ್ದವನು ಉಳಿದರ್ಧವನ್ನು ಬಾಯಿಬಿಟ್ಟು ಹೇಳ್ತಾನೆ.

ಇನ್ನೊಂದು ತಮಾಷೆ. ಕೊನೆಗೆ ಉಂಗುರವನ್ನು ಎಸೆಯಬೇಕಾದ ಬೆಂಕಿಯ ಬಾಯಲ್ಲಿ ನಿಂತು ಫ್ರೋಡೊ ಕೂಡ 'ಉಂಗುರ ನನ್ನದು' ಅಂತಾನೆ. ಅವನನ್ನು ವಿಲನ್ ಅಂದವರನ್ನು ನಾನು ಕಂಡಿಲ್ಲ. ಯಾಕೆ? ಆ ಭಾರ ಹೊತ್ತು ಅವನ ಜೊತೆ ಅಷ್ಟು ದೂರ ನಡೆದಿದ್ದೇವೆ. ಬೊರೊಮಿರ್‌ನನ್ನು ಹೊರಗಿಂದಷ್ಟೇ ನೋಡಿದ್ದೇವೆ. ನಿನ್ನ ಗೆಳೆಯರ ತಕರಾರು ಸೇನಾಪತಿ ಮೇಲಲ್ಲ, ನಿನ್ನ ಮೇಲೆ. ಆ ರಾತ್ರಿಗೆ ಮುಂಚೆ ಮೂರು ಅಧ್ಯಾಯ ಅವನ ಬೆನ್ನನ್ನಷ್ಟೇ ತೋರಿಸಿದ್ದೀಯ.

ನಮ್ಮ ಜೈನ ಕವಿ ನಾಗಚಂದ್ರ ಇನ್ನೂ ಗಟ್ಟಿಗ. ಸುಮಾರು 900 ವರ್ಷದ ಹಿಂದೆ ತನ್ನ ರಾಮಾಯಣದಲ್ಲಿ, ಒಲ್ಲದ ಪರಸ್ತ್ರೀಯನ್ನು ಮುಟ್ಟಲ್ಲ ಅಂತ ವ್ರತ ಹಿಡಿದಿದ್ದ ರಾವಣನ ಮನಸ್ಸು ಸೀತೆಯನ್ನು ಕಂಡು ಕದಡಿದ್ದನ್ನು ಬರೆದ. ಸಮುದ್ರವೂ ಒಮ್ಮೊಮ್ಮೆ ಎಲ್ಲೆ ದಾಟಲ್ವಾ ಅಂತ ಕೇಳಿದ. ಆ ರಾವಣನಿಗೆ ಕೊನೆಗೆ ಪಶ್ಚಾತ್ತಾಪವೂ ಆಗುತ್ತೆ. ಆದರೆ ಮೊದಲು ಯುದ್ಧ ಗೆಲ್ಲಬೇಕು, ಆಮೇಲೆ ಸೀತೆಯನ್ನು ಒಪ್ಪಿಸಬೇಕು! ನನಗೆ ಅವನು ಕೆಟ್ಟದ್ದು ಸೀತೆಯನ್ನು ಕಂಡಾಗ ಅನ್ನಿಸಲ್ಲ. ಈ 'ಆಮೇಲೆ'ಯಲ್ಲಿ ಅನ್ನಿಸುತ್ತೆ.

ನಿನ್ನ ಸೇನಾಪತಿ ಮರುದಿನ ಬೆಳಿಗ್ಗೆ ಏನು ಮಾಡ್ತಾನೆ? ನೀನು ಬರೆದೇ ಇಲ್ಲ. ಸೀದಾ ಯುದ್ಧಕ್ಕೆ ಓಡಿಸಿದ್ದೀಯ. ಆ ಬೆಳಿಗ್ಗೆ ನನಗೆ ಬೇಕು. ರಾಜನ ಮುಖ ನೋಡ್ತಾನಾ? ಕಾವಲುಗಾರ ಕೇಳಿದರೆ ಸುಳ್ಳು ಹೇಳ್ತಾನಾ? ಸುಳ್ಳನ್ನೇ ಹೇಳಲಿ, ಪರವಾಗಿಲ್ಲ. ನೀನು ಅವನ ವಕೀಲನಾಗಬೇಡ.

ಒಂದು ಮಾತು, ಹೊಗಳಿಕೆ ಅಂತ ತಿಳ್ಕೋಬೇಡ. ಕಿರೀಟಕ್ಕೆ ಕೈ ಹಾಕೋ ಮುಂಚೆ ಅವನು ನಿದ್ದೆಯಲ್ಲಿದ್ದ ಹುಡುಗನ ಜಾರಿದ ಹೊದಿಕೆಯನ್ನು ಭುಜದವರೆಗೆ ಎಳೆದು ಸರಿಮಾಡ್ತಾನೆ. ಆಮೇಲೆ ಅದೇ ಕೈ ಚಾಚ್ತಾನೆ. ಅಲ್ಲಿ ಎದ್ದು ಕೂತೆ. ಅದರ ಕೆಳಗೆ 'ಅವನ ಮನದಲ್ಲಿ ಒಳಿತು ಕೆಡುಕುಗಳ ಹೋರಾಟ ನಡೆದಿತ್ತು' ಅಂತ ಬರೆದಿದ್ದೀಯಲ್ಲ, ಅದನ್ನು ಪೆನ್ಸಿಲ್‌ನಲ್ಲಿ ಹೊಡೆದುಹಾಕಿದ್ದೇನೆ. ಕಾಗದ ಸ್ವಲ್ಪ ಹರಿದಿದೆ, ಕ್ಷಮಿಸು.

ಬೆಳಿಗ್ಗೆಯ ಅಧ್ಯಾಯ ಬರೆದು ಕಳಿಸು. ಗೆಳೆಯರಿಗೆ ಸದ್ಯಕ್ಕೆ ತೋರಿಸಬೇಡ.

ನಿನ್ನ,
ಹಳೆಯ ಓದುಗ