ಬರಹ ಉಳಿಯಲು ಶಾಯಿ, ಹಾಳೆಯೂ ಮುಖ್ಯ

ಮಾನ್ಯ ಸಂಪಾದಕರೇ,

ಅಚ್ಚಾಗಲಿ, ಆಗದಿರಲಿ, ಜೀವನವಿಡೀ ಬರೆಯುತ್ತಲೇ ಇರುವವರು ನಮ್ಮ ಮನೆಗಳಲ್ಲಿ ಬಹಳ ಮಂದಿ. ದಿನಚರಿ, ಪದ್ಯ, ಮಳೆ-ಬೆಳೆಯ ಲೆಕ್ಕದ ಪಕ್ಕದಲ್ಲೇ ಮನಸ್ಸಿನ ಎರಡು ಮಾತು. ಅವರ ಒಳಗನ್ನು ಇಷ್ಟು ನೇರವಾಗಿ ತೋರಿಸುವುದು ಇನ್ನೊಂದಿಲ್ಲ. ಆ ಪುಸ್ತಕಗಳು ರದ್ದಿಗೆ ಹೋದಾಗ ಮನೆಯವರನ್ನು ದೂರುತ್ತೇವೆ. ಎಷ್ಟೋ ಕಡೆ ಅದಕ್ಕೂ ಮೊದಲೇ ಅಕ್ಷರ ಮಾಸಿ, ಹಾಳೆ ಪುಡಿಯಾಗಿ, ಓದಲು ಏನೂ ಉಳಿದಿರುವುದಿಲ್ಲ. ಇದನ್ನು ಬರೆಯುವವರೇ ತಪ್ಪಿಸಬಹುದು.

ಇಂಕ್ ಪೆನ್ನಿಗೆ ತುಂಬುವ ಸಾಮಾನ್ಯ ನೀಲಿ ಶಾಯಿ, ಮನೆಯ ಸೂರು ಒಮ್ಮೆ ಸೋರಿದರೆ ಹರಡಿ ಹೋಗುತ್ತದೆ. ಬಾಲ್‌ಪೆನ್ನಿನ ಬಣ್ಣ ನೀರಿಗೆ ಅಷ್ಟು ಬೇಗ ಹೋಗದು, ಬೆಳಕಿಗೆ ಮಾಸುತ್ತದೆ. ಜೆಲ್ ಪೆನ್ನುಗಳಲ್ಲಿ ಎರಡು ಬಗೆ: ಕೆಲವದರಲ್ಲಿ ನೀರಿಗೆ ಬಿಡುವ ಬಣ್ಣ, ಕೆಲವದರಲ್ಲಿ ಪಿಗ್ಮೆಂಟ್, ಅಂದರೆ ನೀರಿನಲ್ಲಿ ಕರಗದ ಬಣ್ಣದ ಪುಡಿ. ಕಪ್ಪು ಪಿಗ್ಮೆಂಟ್ ಶಾಯಿ ನೀರು, ಬೆಳಕು ಎರಡನ್ನೂ ಚೆನ್ನಾಗಿ ತಾಳುತ್ತದೆ. ಯಾವುದೆಂದು ಪೆನ್ನಿನ ಮೇಲೆ ಇಲ್ಲದಿದ್ದರೆ ಪರೀಕ್ಷೆ ಸುಲಭ. ಎರಡು ಚೀಟಿಗಳಲ್ಲಿ ನಾಲ್ಕು ಸಾಲು ಬರೆದು ಒಂದು ದಿನ ಒಣಗಲು ಬಿಡಿ. ಒಂದನ್ನು ಅರ್ಧ ಗಂಟೆ ನೀರಿನಲ್ಲಿಡಿ. ಇನ್ನೊಂದರ ಅರ್ಧಭಾಗಕ್ಕೆ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ತಿಂಗಳು ಕಾಲ ಅಂಟಿಸಿ. ನೀರಿನಲ್ಲಿ ಬಣ್ಣ ಬಿಟ್ಟರೆ, ಇಲ್ಲವೇ ಮುಚ್ಚಿದ್ದಕ್ಕೂ ತೆರೆದದ್ದಕ್ಕೂ ವ್ಯತ್ಯಾಸ ಕಂಡರೆ ಆ ಪೆನ್ನು ಅಂಗಡಿ ಚೀಟಿಗೆ ಸಾಕು.

ಹಾಳೆ ಪತ್ರಿಕೆಯ ಕಾಗದದಂತಿದ್ದರೆ ಬೇಡ. ಅದರಲ್ಲಿ ಉಳಿದ ಲಿಗ್ನಿನ್ ಎಂಬ ಮರದ ಅಂಶದಿಂದ ಹಳದಿಯಾಗಿ ಮುರಿಯುತ್ತದೆ. 70 ಜಿಎಸ್ಎಂಗೆ (ಚದರ ಮೀಟರ್ ಹಾಳೆಯ ತೂಕ, ಗ್ರಾಂಗಳಲ್ಲಿ) ಕಡಿಮೆಯಿಲ್ಲದ, ಹೊಲಿಗೆ ಬೈಂಡಿಂಗ್‌ನ ಲಾಂಗ್ ಬುಕ್ ಒಳ್ಳೆಯದು. ಕರಾವಳಿ, ಮಲೆನಾಡಿನ ತೇವಕ್ಕೆ ಪಿನ್ನು ತುಕ್ಕು ಹಿಡಿದು ಹಾಳೆಯನ್ನೇ ತಿನ್ನುತ್ತದೆ.

ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಅಕ್ಷರದೊಳಕ್ಕೆ ಇಳಿಯುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಮಾಡಿದ ಮೇಲೆ ಬಿಡಿಸಲಾಗದು. ಪ್ಲಾಸ್ಟಿಕ್ ಚೀಲದ ಬದಲು ಒಗೆದ, ಗಂಜಿ ಹಾಕದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ಗಂಜಿಗೆ ಸಿಲ್ವರ್‌ಫಿಶ್ ಹುಳ ಬರುತ್ತದೆ. ಕಪಾಟನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಡಿ, ಗೆದ್ದಲು ಹತ್ತಿದರೆ ಬೇಗ ಕಣ್ಣಿಗೆ ಬೀಳುತ್ತದೆ. ಒದ್ದೆಯಾದ ಪುಸ್ತಕವನ್ನು ಬಿಸಿಲಿಗೆ ಹಾಕಿದರೆ ಸೊಟ್ಟಗಾಗುತ್ತದೆ. ಹಾಳೆಗಳ ನಡುವೆ ಖಾಲಿ ಬಿಳಿ ಕಾಗದ ಇಟ್ಟು ಫ್ಯಾನ್ ಗಾಳಿಗೆ ಹರಡಿ. ಎರಡು ದಿನ ತಡವಾದರೆ ಬೂಸ್ಟು ಹಿಡಿಯುತ್ತದೆ.

ಕಂಪ್ಯೂಟರಿನಲ್ಲಿ ಬರೆದವರಿಗೆ ಬೇರೆಯೇ ಅಪಾಯ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನ ಕಡತಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತವೆ. ತಡಮಾಡದೆ, ಈಗಿನ ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡಿಗೆ ಪರಿವರ್ತಿಸಿ. ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಕೆಡುವುದರಿಂದ ಮೂಲದ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟು ಸಾಲುಸಾಲಾಗಿ ಓದಿ ತಿದ್ದಬೇಕು. ಬೇಸರದ ಕೆಲಸವೇ, ಆದರೂ ಬಿಡುವಂತಿಲ್ಲ.

ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ (ಗ್ರಂಥಾಲಯಗಳಲ್ಲಿ) ಮಳೆಗಾಲಕ್ಕೆ ಮೊದಲು ಒಂದು ದಿನ ಇವನ್ನೆಲ್ಲ ಕೈಯಾರೆ ಮಾಡಿ ತೋರಿಸುವ ವ್ಯವಸ್ಥೆಯಾಗಲಿ. ಖರ್ಚು ಹೆಚ್ಚಿಲ್ಲ: ನಾಲ್ಕಾರು ಪೆನ್ನು, ಒಂದು ಬಕೆಟ್ ನೀರು, ಒಂದಿಷ್ಟು ಬಟ್ಟೆ. ಸಂಬಂಧಪಟ್ಟವರು ಗಮನಿಸಲಿ.

– ಓದುಗ, ತೀರ್ಥಹಳ್ಳಿ