ಮೊಮ್ಮಗಳ ಶಾಲೆಯ ವಿಚಾರವಾಗಿ ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಜೂನ್ ಹೊತ್ತಿಗೆ ಊರಿಗೇ ಬಂದು ನೆಲೆಸುವುದಾಗಿ ನೀನು ತಿಳಿಸಿದ ಮೇಲೆ, ಪುಟ್ಟಿಯನ್ನು ಒಂದನೇ ತರಗತಿಗೆ ಎಲ್ಲಿ ಸೇರಿಸುವುದೆಂದು ನೋಡಲು ಇಲ್ಲಿಯ ಎರಡು ಸರ್ಕಾರಿ ಶಾಲೆಗಳಿಗೂ ಹೋಗಿ, ಒಂದೊಂದರಲ್ಲಿ ಅರ್ಧ ದಿನ ಕುಳಿತು ಬಂದೆ.

ಬಸ್ ನಿಲ್ದಾಣದ ಹಿಂದಿರುವ ಕರ್ನಾಟಕ ಪಬ್ಲಿಕ್ ಶಾಲೆಯಲ್ಲಿ ಎಲ್‌ಕೆಜಿಯಿಂದ ದ್ವಿತೀಯ ಪಿಯುಸಿವರೆಗೆ ಎಲ್ಲವೂ ಒಂದೇ ಆವರಣದಲ್ಲಿದೆ. ಒಂದನೇ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮವೂ ಇರುವುದರಿಂದ ಸುತ್ತಲಿನ ಹಳ್ಳಿಗಳ ಪೋಷಕರೂ ಅಲ್ಲಿಗೇ ಬರುತ್ತಾರೆ. ನಾನು ಹೋದ ದಿನ, ಬಿಟ್ಟುಹೋದ ಅತಿಥಿ ಶಿಕ್ಷಕಿಯ ಜಾಗಕ್ಕೆ ಇನ್ನೊಬ್ಬರು ಬಂದಿರಲಿಲ್ಲವಾದ್ದರಿಂದ, ಎರಡು ವಿಭಾಗದ 52 ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದರು. ಪ್ರಾಥಮಿಕ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಆ ಶಿಕ್ಷಕಿ ಪಾಪ, ಪ್ರಾಮಾಣಿಕವಾಗಿಯೇ ದುಡಿಯುತ್ತಿದ್ದರು. ಆದರೆ ಹಿಂದಿನ ಸಾಲಿನ ಮಕ್ಕಳು ಹಲಗೆಯ ಮೇಲಿನ ಇಂಗ್ಲಿಷ್ ವಾಕ್ಯವನ್ನು ನೋಡಿ ಬರೆದುಕೊಳ್ಳುತ್ತಿದ್ದರೇ ಹೊರತು, ಹತ್ತಿರ ಕರೆದು ಓದಿಸಿದರೆ ಓದಲಾರದೆ ಹೋದರು.

ಕೆರೆ ಏರಿಯ ಕೆಳಗಿನ ಕಿರಿಯ ಪ್ರಾಥಮಿಕ ಶಾಲೆಯನ್ನು, ನೀನು ಓದಿದ ಶಾಲೆಯೆಂಬ ಅಭಿಮಾನವನ್ನು ಬದಿಗಿಟ್ಟೇ ನೋಡಿದೆ. ನಿನ್ನ ಕಾಲದಲ್ಲಿ ಅಲ್ಲಿ ಇಲ್ಲದಿದ್ದ ನಲಿ-ಕಲಿ ಈಗಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆರಂಭಿಸಿದ, ಮುಂದೆ ರಾಜ್ಯದ ಎಲ್ಲೆಡೆ ಹರಡಿದ ಪದ್ಧತಿ ಇದು. ಒಂದರಿಂದ ಮೂರನೇ ತರಗತಿಯ 22 ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಹೊಸದನ್ನು ಕಲಿಯುವವರು ಶಿಕ್ಷಕಿಯ ಬಳಿ, ಸ್ವಲ್ಪ ಕಲಿತವರು ಜೊತೆಯವರ ಬಳಿ, ಚೆನ್ನಾಗಿ ಕಲಿತವರು ತಾವೇ ಪಾಠದ ಕಾರ್ಡು ಹಿಡಿದು. ಒಂದು ಮೈಲಿಗಲ್ಲನ್ನು, ಅಂದರೆ ಕಲಿಕೆಯ ಒಂದು ಹಂತವನ್ನು, ದಾಟಿದ ಮಗುವೇ ಮುಂದಿನದಕ್ಕೆ ಹೋಗುವುದರಿಂದ, ಜ್ವರ ಬಂದು ವಾರ ತಪ್ಪಿಸಿಕೊಂಡ ಹುಡುಗನೂ ತಾನು ಬಿಟ್ಟಲ್ಲಿಂದಲೇ ಆರಂಭಿಸಿದ. ಮೂರನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಕಾರ್ಡನ್ನು ಪಕ್ಕಕ್ಕಿಟ್ಟು ಒಂದನೆಯ ಪುಟಾಣಿಗೆ ಒತ್ತಕ್ಷರ ತಿದ್ದಿಸುತ್ತಿದ್ದುದನ್ನು ನೋಡುತ್ತ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಅಲ್ಲಿಯ ಕೊರತೆಯನ್ನೂ ಮುಚ್ಚಿಡುವುದಿಲ್ಲ. ಇರುವ ಇಬ್ಬರು ಶಿಕ್ಷಕರಲ್ಲಿ ನಾಲ್ಕು ಮತ್ತು ಐದನೆಯ ತರಗತಿಗಳನ್ನು ನೋಡಿಕೊಳ್ಳುವವರೇ ಮುಖ್ಯ ಶಿಕ್ಷಕರು. ಬಿಸಿಯೂಟದ ಲೆಕ್ಕ, ಮೊಟ್ಟೆಯ ಖರೀದಿ, ಆನ್‌ಲೈನ್ ಮಾಹಿತಿ, ಸಭೆಗಳೆಂದು ಅವರ ಪಾಠದ ಸಮಯವೇ ಕರಗುತ್ತದೆ. ಆದ್ದರಿಂದ ಮೂರನೆಯ ತರಗತಿಯವರೆಗೆ ಪುಟ್ಟಿ ಇಲ್ಲಿ ಓದಲಿ, ನಾಲ್ಕಕ್ಕೆ ಪಬ್ಲಿಕ್ ಶಾಲೆಗೆ ಹೋಗಲಿ ಎಂಬುದು ನನ್ನ ಅಭಿಪ್ರಾಯ. ಇಂಗ್ಲಿಷಿನ ಬಗ್ಗೆ ನಿನಗಿರುವ ಆತಂಕ ನನಗೆ ಗೊತ್ತು. 2007ರಿಂದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿಯೂ ಅದನ್ನು ಒಂದನೆಯ ತರಗತಿಯಿಂದಲೇ ಒಂದು ಭಾಷೆಯಾಗಿ ಕಲಿಸುತ್ತಿದ್ದಾರೆ, ಮಿಕ್ಕಿದ್ದನ್ನು ಸಂಜೆ ನಾನು ಓದಿಸುತ್ತೇನೆ.

ಇಷ್ಟು ಹೇಳಿದರೂ ತೀರ್ಮಾನ ನಿನ್ನದು. ಏಪ್ರಿಲ್ ರಜೆಗೆ ಮುಂಚೆ, ಪಾಠ ನಡೆಯುತ್ತಿರುವ ಒಂದು ದಿನ ಪುಟ್ಟಿಯನ್ನೂ ಕರೆದುಕೊಂಡು ಬಾ. ಎರಡೂ ಕಡೆ ಅವಳನ್ನು ಸ್ವಲ್ಪ ಹೊತ್ತು ಕೂರಿಸಲು ಶಿಕ್ಷಕರನ್ನು ಕೇಳಿಕೊಂಡಿದ್ದೇನೆ.

ನಿನ್ನ ಅಪ್ಪ